ಎರಡು ವರ್ಷ ಆಚೀಚೆ

ಲೈಟ್ ಬಾಕ್ಸಿಗೆ ಸಿಕ್ಕಿಸಿದೆ ಅವನ ಎಡಗೈಯನ್ನು.
ಮಣಿಕಟ್ಟಿನ ಎಂಟು ಕಲ್ಲು, ಒಂದೂ ಕಮ್ಮಿಯಿಲ್ಲ.
ಅದರ ಕೆಳಗೆ, ಎಲುಬು ತನ್ನ ತುದಿಯನ್ನು ಬೆಸೆದುಕೊಳ್ಳುವಲ್ಲಿ
ಒಂದು ಗೆರೆ. ಇದೆ ಅಂದರೆ ಇದೆ,
ಪೆನ್ಸಿಲ್ಲಲ್ಲಿ ಎಳೆದು ರಬ್ಬರಲ್ಲಿ ಉಜ್ಜಿದ ಹಾಗೆ.

ಆ ಗೆರೆಗಾಗಿ ಬಂದಿದೆ ಬೌರಿಂಗ್ ಆಸ್ಪತ್ರೆಗೆ
ಮೂರು ಮೊಹರಿನ ಕಾಗದ:
ಎನಾಮುಲ್, ತಂದೆ ಇಲ್ಲ, ಊರು ಗಡಿಯಾಚೆ,
ಹೆಗಡೆನಗರದ ಗುಜರಿ ಶೆಡ್ಡಿನಲ್ಲಿ ಸಿಕ್ಕವನು.
ಹದಿನೆಂಟು ತುಂಬಿದೆಯೋ ಇಲ್ಲವೋ ತಿಳಿಸತಕ್ಕದ್ದು.
ತುಂಬಿದ್ದರೆ ವಿದೇಶಿ.
ತುಂಬದಿದ್ದರೆ ಮಗು.

ಎಕ್ಸ್‌ರೇಗೆ ಮುಂಚೆ ಕೈ ತೊಳೆದು ಬಂದ, ಎರಡು ಸಲ.
ಕೊಳೆಯೂ ಕಾಣುತ್ತದೆ ಅಂದುಕೊಂಡನೇನೋ.
ತಣ್ಣನೆಯ ಹಲಗೆ ಮೇಲೆ ಬೆರಳು ಬಿಡಿಸಿಟ್ಟು
ಯಾರೂ ಹೇಳದಿದ್ದರೂ ಉಸಿರು ಹಿಡಿದ.

ಅವನಮ್ಮ ಹೇಳಿದ್ದಳಂತೆ: ದೊಡ್ಡ ಗಾಳಿ ಬಂದು
ತೆಂಗಿನ ಮರಗಳೆಲ್ಲ ಒಂದೇ ಕಡೆ ಮಲಗಿದ ವರ್ಷ.
ಶಿವಾಜಿನಗರದ ದರ್ಜಿಯೊಬ್ಬ, ದುಭಾಷಿಯಾಗಿ ಬಂದವನು,
ಅದನ್ನು ಹಿಂದಿಗೆ ಹೊಲಿದು, ನಾನು ಕನ್ನಡಕ್ಕೆ ತಂದು,
ಗುಮಾಸ್ತ ಇಂಗ್ಲಿಷಿನಲ್ಲಿ ಬರೆದುಕೊಳ್ಳುವಷ್ಟರಲ್ಲಿ
ಗಾಳಿ ನಿಂತಿತ್ತು.
'ಪುರಾವೆ ಇಲ್ಲ' ಅಂತಷ್ಟೇ ಉಳಿದಿತ್ತು.

ನಾವು ಹೋಲಿಸಿ ನೋಡುವ ಪಟಗಳು ಯಾವ ಮಕ್ಕಳವು?
ದೂರದ ಚಳಿದೇಶದವು, ದಿನಕ್ಕೆರಡು ಲೋಟ ಹಾಲಿನವು,
ಈಗ ಬದುಕಿದ್ದರೆ ನೂರರ ಹತ್ತಿರ.
ಹಸಿವು ಎಲುಬನ್ನು ಕಾಯಿಸುತ್ತದೆ,
ತಡಿ, ಇನ್ನೂ ಬೇಡ, ಅನ್ನುತ್ತದೆ.
ಹೆದರಿಕೆ ಏನು ಮಾಡುತ್ತದೋ
ಅದರ ಪಟ ಯಾರೂ ತೆಗೆದಿಲ್ಲ.

ಮೇಯೋ ಹಾಲ್. ತಜ್ಞ ಸಾಕ್ಷಿ, ಕಟಕಟೆಗೆ.
ಸತ್ಯವನ್ನೇ ಹೇಳುತ್ತೇನೆ ಎಂದದ್ದಾಯಿತು.
ತಲೆಯೆತ್ತದೆ ಕೇಳಿದ ಟೈಪಿಸ್ಟು: ಹೆಸರು? ತಂದೆ? ವಯಸ್ಸು?
ಐವತ್ತಾರು, ಎಂದೆ.
ಐದು ಕುಟ್ಟಿದ, ಆರು ಕುಟ್ಟಿದ.
ನನ್ನ ಕೈ ಯಾರೂ ಕೇಳಲಿಲ್ಲ.

ಶಿರಾ ಕಡೆಯ ಸ್ಕೂಲು. ಗುರುಶಾಂತ ಮೇಷ್ಟ್ರು
ಬಲಗೈ ನೆತ್ತಿಯ ಮೇಲಿಂದ ಹಾಯಿಸಿ
ಎಡಗಿವಿ ಮುಟ್ಟು ಅಂದರು.
ತಲುಪಲಿಲ್ಲ. ಕತ್ತು ಒಂಚೂರು ವಾಲಿಸಿದೆ.
ಕಂಡರು. ಕಾಣದವರ ಹಾಗೆ ರಿಜಿಸ್ಟರು ಬಿಡಿಸಿದರು:
ಜೂನ್ ಒಂದು.
ನನ್ನ ಮುಂದಿದ್ದ ಹುಡುಗನಿಗೂ ಅದೇ, ಹಿಂದಿದ್ದವಳಿಗೂ.
ಅವ್ವನ ಲೆಕ್ಕ ಬೇರೆ. ಕೆರೆ ಕೋಡಿ ಬಿದ್ದ ವರ್ಷ,
ಹುಚ್ಚೆಳ್ಳು ಹೂವಾಗಿದ್ದಾಗ.
ಅದಕ್ಕೆ ಈವರೆಗೆ ಪುರಾವೆ ಬೇಕಾಗಿಲ್ಲ.

"ಮೀಸೆ ಚಿಗುರಿದೆ, ಬುದ್ಧಿಹಲ್ಲು ಕಾಣಿಸಿದೆ,
ಹದಿನೆಂಟು ದಾಟಿದೆ ಅನ್ನಬಹುದಲ್ಲವೇ?"
ಅನ್ನಬಹುದು. ದಾಟಿಲ್ಲ ಅಂತಲೂ ಅನ್ನಬಹುದು.
"ಒಂದು ಸಂಖ್ಯೆ ಹೇಳಿ ಡಾಕ್ಟ್ರೇ."
ಹದಿನೇಳು. ಎರಡು ವರ್ಷ ಆಚೀಚೆ.
ಅವನ ವಕೀಲೆ ಬೊಳ್ಳಮ್ಮ ಎದ್ದರು:
"ಆಚೆಯೋ ಈಚೆಯೋ ಗೊತ್ತಿಲ್ಲದಾಗ
ಮಗುವಿನ ಕಡೆಗೆ ತಾನೇ ವಾಲಬೇಕು?"
ಅದು ಎಲುಬಿಗೆ ಕೇಳುವ ಪ್ರಶ್ನೆಯಲ್ಲ, ಎಂದೆ.
ಹಾಗೆಂದವಳ ಕತ್ತು ಒಂಚೂರು ವಾಲಿತ್ತೋ ಏನೋ,
ದಾಖಲೆಯಲ್ಲಿಲ್ಲ.

ಆದೇಶ ಕಾಯ್ದಿರಿಸಿದರು.

ವರಾಂಡದಲ್ಲಿ ಅವನು ದರ್ಜಿಯ ತೋಳು ಜಗ್ಗಿ ಏನೋ ಅಂದ.
"ನನ್ನ ಕೈ ಏನು ಹೇಳ್ತು ಅಂತ ಕೇಳ್ತಾವ್ನೆ ಮೇಡಂ."
ವರದಿಯಲ್ಲಿ ಬರೆಯದೆ ಬಿಟ್ಟದ್ದೊಂದಿತ್ತು:
ಹೆಬ್ಬೆರಳ ಬುಡದಲ್ಲಿ ನುಚ್ಚಕ್ಕಿಯಷ್ಟು ಬಿಳಿ ಚೂರು,
ಬಾಟಲಿ ಆರಿಸುವಾಗ ಹೊಕ್ಕಿದ್ದು.
ಗಾಜಿದೆ ಅಂತು, ಅಂದೆ. ಮಂಗಳವಾರ ಬರಲಿ, ತೆಗೆಯೋಣ.
"ಅದಕ್ಕೂ ಆರ್ಡರ್ ಬೇಕಾಗ್ತದೆ," ಅಂದ ಕಾನ್‌ಸ್ಟೇಬಲ್.
ಹುಡುಗ ಆಗಲೇ ಹೆಬ್ಬೆರಳನ್ನು ಒತ್ತಿ ಒತ್ತಿ ಹುಡುಕುತ್ತಿದ್ದ.